ಚೀಟಿ ಎಣಿಸಿದ ಮಧ್ಯಾಹ್ನ

ಶಾರ್ಜಾದ ನಮ್ಮ ಶಾಲೆಯ ಹಿಂದಿನ ಗೋಡೆಗೆ
ಎಸಿ ನೀರು ತೊಟ್ಟಿಕ್ಕಿ ತೊಟ್ಟಿಕ್ಕಿ ಪಾಚಿಯ ಒಂದು ಗೆರೆ.
ಈ ಬೀದಿಗೆಲ್ಲ ಅದೊಂದೇ ಪುಕ್ಕಟೆ ಹಸಿರು
ಅನ್ನುತ್ತಾನೆ ಪ್ಯೂನ್ ಬಾವುಞ್ಞಿ.
ಅದರ ಬುಡದಲ್ಲೇ ಅವನಿಗೆ ಸಿಕ್ಕಿದ್ದು
ಬೆರಳುದ್ದದ ಮರದ ಮಿದ್ವಾಖ್,
ಬಾಯಲ್ಲಿ ಚಿಟಿಕೆ ದೋಖಾ, ಅರ್ಧ ಸುಟ್ಟದ್ದು.

ಕರವಸ್ತ್ರದಲ್ಲಿ ಸುತ್ತಿ ತಂದು ಸ್ಟಾಫ್ ರೂಮಿನ ಮೇಜಿಗಿಟ್ಟ
ಸತ್ತ ಹಲ್ಲಿಯನ್ನು ತೋರಿಸುವ ಹಾಗೆ.
ಎಲ್ಲರೂ ಸೇದುತ್ತಾರೆ ಮಿಸ್, ಅಂದ.
ಎಲ್ಲರೂ, ಅಂದರು ಫಿಸಿಕ್ಸಿನವರು.
ಎಲ್ಲರೂ, ಅಂದರು ಪಿ.ಟಿ. ಮಾಸ್ತರು,
ವಾರದ ಕೊನೆಗೆ ಅಜ್ಮಾನಿನ ಕಡೆ ಕಾರು ತಿರುಗಿಸುವವರು.
ಪ್ರಿನ್ಸಿಪಾಲರು ಕಪ್ಪು ಶ್ವಾಸಕೋಶದ ಪೋಸ್ಟರ್ ತರಿಸುವೆನೆಂದರು.
ಹೋದ ವರ್ಷವೂ ತರಿಸಿದ್ದರು,
ಯಾರೋ ಅದಕ್ಕೆ ಮೀಸೆ ಬರೆದಿದ್ದರು.

ನಾನು ಗಣಿತದವಳು.
'ಎಲ್ಲರೂ' ಅನ್ನುವುದು ನನಗೆ ಸಂಖ್ಯೆಯಲ್ಲ,
ಗಂಟಲಿನ ಒಂದು ಸದ್ದು.

ಹನ್ನೊಂದನೇ ತರಗತಿ, ನಾಲ್ಕು ಸೆಕ್ಷನ್ನು,
ನೂರಿಪ್ಪತ್ತಾರು ಹುಡುಗರು.
ಹೆಸರು ಬೇಡ. ಒಂದು ಗೀಟು, ಒಂದು ಅಂಕೆ, ಸಾಕು.
ಹೋದ ತಿಂಗಳು ನೀನು ಸೇದಿದೆಯಾ?
ನಿನ್ನ ಲೆಕ್ಕದಲ್ಲಿ ನೂರಕ್ಕೆ ಎಷ್ಟು ಜನ ಸೇದುತ್ತಾರೆ?
ಮಡಚಿ ಹಾಕಿ, ಇಗೋ, ಖರ್ಜೂರದ ಈ ಡಬ್ಬಿಗೆ.

ಸೆಪ್ಟೆಂಬರಿನ ಮಧ್ಯಾಹ್ನ, ಹೊರಗೆ ನಲವತ್ತಮೂರು.
ಎಣಿಸಿದೆವು ಇಬ್ಬರೂ ನೆಲದಲ್ಲಿ ಕೂತು,
ಅವನು ಬ್ಯಾರಿಯಲ್ಲಿ ಒನ್ನ್, ರಂಡ್,
ನಾನು ತುಳುವಿನಲ್ಲಿ ಒಂಜಿ, ರಡ್ಡ್.
ಚೀಟಿಗೆಲ್ಲ ಖರ್ಜೂರದ ಅಂಟು.

ಸೇದಿದವರು ಹದಿನಾಲ್ಕು.
ಊಹೆಯ ಸರಾಸರಿ, ನೂರಕ್ಕೆ ಅರವತ್ತೆಂಟು.

ಎಲ್ಲೋ ತಪ್ಪಿದೆವು, ಅಂದ ಬಾವುಞ್ಞಿ. ಮತ್ತೆ ಎಣಿಸಿದೆವು.
ಹದಿನಾಲ್ಕು.
ಅಂಕೆ ಸಾಕು ಅಂದಿದ್ದರೂ ಒಬ್ಬ ಮೂಲೆಯಲ್ಲಿ ಬರೆದಿದ್ದ:
ನೂರಕ್ಕೆ ತೊಂಬತ್ತೊಂಬತ್ತು ಮಿಸ್,
ಉಳಿದ ಆ ಒಬ್ಬ ನಾನೇ ಇರಬೇಕು.

ಆ ಚೀಟಿಯನ್ನು ಡಬ್ಬಿಗೆ ಹಾಕಲಾಗಲಿಲ್ಲ ನನಗೆ,
ಪರ್ಸಿನಲ್ಲಿದೆ ಇನ್ನೂ.

ಮರುದಿನ ಬೋರ್ಡಿನ ಮೇಲೆ ಎರಡೇ ಅಂಕೆ.
ಉಪದೇಶವಿಲ್ಲ, ಶ್ವಾಸಕೋಶವಿಲ್ಲ.
ಸುಳ್ಳು ಬರೆದಿರ್ತಾರೆ ಮಿಸ್, ಹಿಂದಿನ ಬೆಂಚಿನಿಂದ.
ಇರಬಹುದು, ಇಮ್ಮಡಿ ಮಾಡು ಅಂದೆ.
ಆಗಲೂ ನಾಲ್ಕರಲ್ಲಿ ಒಬ್ಬ ಆಗುವುದಿಲ್ಲ.
ಆಮೇಲೆ ಕಣ್ಣುಗಳು ಹೊರಟವು ಬೆಂಚಿನಿಂದ ಬೆಂಚಿಗೆ,
ನೀನೂ ಇಲ್ವಾ?
ಮತ್ತೆ ನೀನು?
ಎರಡು ವರ್ಷ ಒಂದೇ ಬಸ್ಸಿನಲ್ಲಿ ಬಂದವರು
ಆಗಷ್ಟೇ ಪರಿಚಯವಾದ ಹಾಗೆ.

ಬೆಲ್ಲಿನ ನಂತರ ಉಳಿದವನು ನೆಲ್ಸನ್ ಕ್ರಾಸ್ತಾ.
ಗೋಡೆ ಬುಡದ್ದು ನನ್ನದು ಮಿಸ್. ಮೂರು ಸಲ.
ಮೂರು ಸಲವೂ ತಲೆ ಗಿರ್ರೆಂದು ವಾಂತಿ.
ಫವಾಝ್ ಸೇದುತ್ತಾನಲ್ಲ, ಅದಕ್ಕೆ.
ಬಾಗಿಲಲ್ಲಿ ಇಬ್ಬರ ಚೀಲ ಹೊತ್ತು ನಿಂತ ಫವಾಝ್ ಅಂದ:
ಲೋ, ನಾನು ಬರೀ ಊದುತ್ತಿದ್ದೆ.

ಹದಿನಾಲ್ಕೂ ಮಂದಿ ಬಿಟ್ಟರು ಎಂದು ಹೇಳಲಾರೆ.
ಜನವರಿಯಲ್ಲಿ ಮತ್ತೆ ಡಬ್ಬಿ ಇಟ್ಟೆ, ಒಂಬತ್ತು.
ಒಂಬತ್ತು ಸೊನ್ನೆಯಲ್ಲ.
ಅದರಲ್ಲೊಬ್ಬ ದಿನಾ ನನ್ನೆದುರೇ ಕೂರುತ್ತಾನೆ,
ಯಾರೆಂದು ತಿಳಿಯದು, ತಿಳಿಯಲೂಬಾರದು,
ಬೆನ್ನು ಬೋರ್ಡಿಗೆ ತಿರುಗಿದಾಗೆಲ್ಲ ನೆನಪಾಗುತ್ತಾನೆ.

ಮೊನ್ನೆ ಗುರುವಾರ, ಬಸ್ಸುಗಳೆಲ್ಲ ಹೋದ ಮೇಲೆ,
ಪಿ.ಟಿ. ಮಾಸ್ತರು ಕಾರಿನ ಕೀಲಿ ಬೆರಳಲ್ಲಿ ತಿರುಗಿಸುತ್ತ
ನನ್ನ ಮೇಜಿನ ಹತ್ತಿರ ನಿಂತರು.
ಮೇಡಂ, ಆ ಡಬ್ಬಿ… ಸ್ಟಾಫ್ ರೂಮಿಗೂ ಒಮ್ಮೆ…
ಮುಗಿಸಲಿಲ್ಲ.

ನಾನು ತಲೆಯೆತ್ತಲಿಲ್ಲ.
ಹಳೆಯ ಉತ್ತರಪತ್ರಿಕೆಯ ಖಾಲಿ ಹಾಳೆ ತೆಗೆದು
ಚೀಟಿ ಹರಿಯತೊಡಗಿದೆ,
ಎಲ್ಲವೂ ಒಂದೇ ಅಳತೆಗೆ.